ಎರಡೂವರೆಯೋ ಇಪ್ಪತ್ತೈದೋ

ಮಾರ್ಚ್ 6

ಪ್ರೀತಿಯ ಸಣ್ಣವಳಿಗೆ,

ಫೋನೇ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವು ವಾರಗಿತ್ತಿಯರು ಎರಡು ಮಾತಾಡುವಷ್ಟರಲ್ಲಿ ಆ ಅಣ್ಣತಮ್ಮಂದಿರ ಗೊರಕೆ, ಮರೆವು, ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಸಿಕ್ಕ ಬಸ್ ಟಿಕೆಟ್ಟು, ಇವಕ್ಕೇ ಹೋಗಿಬಿಡುತ್ತೇವೆ. ಇದು ಕೆಲಸದ ವಿಷಯ. ಬರೆದರೇ ಸರಿ.

ನಾನು ಬರೆದ 'ಬೆರಳು' ಕಂಪ್ಯೂಟರ್ ಪ್ರೋಗ್ರಾಮಿನ ಮೇಲೆ ಒಂದು ದೂರು ಬಂದಿದೆ. ಕಣ್ಣು ಕಾಣದ ಮಕ್ಕಳ ಶಾಲೆಯೊಂದರಲ್ಲಿ ಗಣಿತದ ಪ್ರಶ್ನೆಪತ್ರಿಕೆಯನ್ನು ಅದರಿಂದಲೇ ಬ್ರೈಲ್‌ಗೆ ತಿರುಗಿಸಿ ಮುದ್ರಿಸಿದ್ದಾರೆ. ಮೇಷ್ಟ್ರು ಬರೆದದ್ದು ಕೋಣೆಯ ಎತ್ತರ 2.5 ಮೀಟರ್. ಒಬ್ಬ ವಿದ್ಯಾರ್ಥಿನಿ, ತನ್ನ ಹಾಳೆಯಲ್ಲಿ 25 ಎಂದಿತ್ತು ಎನ್ನುತ್ತಾಳೆ. ಒಂದು ಲೆಕ್ಕವಲ್ಲ, ಅರ್ಧ ಪತ್ರಿಕೆ ಹಾಗೇ ಆಗಿದೆಯಂತೆ. ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಪತ್ರಿಕೆಗಳನ್ನು ವಾಪಸು ಪಡೆದು ನಾಶ ಮಾಡುವುದು ಅಲ್ಲಿನ ನಿಯಮ, ಆದ್ದರಿಂದ ಮುಟ್ಟಿ ನೋಡಲು ಏನೂ ಉಳಿದಿಲ್ಲ. ಕಚೇರಿಯ ಕಂಪ್ಯೂಟರಿನ ಪರದೆಯ ಮೇಲೆ ನೋಡಿದರೆ 2.5 ಎಂದೇ ಇದೆ. ಮೇಲಾಗಿ ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಹುಡುಗಿ ಎಲ್ಲವನ್ನೂ ಸರಿಯಾಗಿ ಬರೆದಿದ್ದಾಳೆ. ಹಾಗಾಗಿ ಇವಳ ಮಾತನ್ನು ಯಾರೂ ನಂಬುತ್ತಿಲ್ಲ. ಮುಂದಿನ ವರ್ಷ ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೋ ಎನ್ನುತ್ತಿದ್ದಾರೆ.

ನಾನು ಇಲ್ಲಿ ನನ್ನ ಕಂಪ್ಯೂಟರಿನಲ್ಲಿ ಮಾಡಿ ನೋಡಿದೆ. ಚುಕ್ಕಿ ಇದ್ದಲ್ಲೇ ಇದೆ. ಆದರೆ ಆ ಶಾಲೆಯವರು ನನ್ನಿಂದ ನೇರವಾಗಿ ತೆಗೆದುಕೊಂಡವರಲ್ಲ, ನಿಮ್ಮ ಸಂಘದಿಂದ ತೆಗೆದುಕೊಂಡವರು. ಊರವರೆಲ್ಲ ಬರೆದ ಪ್ರೋಗ್ರಾಮುಗಳನ್ನು ತಂದು, ಒರೆಸಿ, ನಿಮ್ಮ ಮನೆಗೆ ಹೊಂದುವಂತೆ ಅಲ್ಲಲ್ಲಿ ಕತ್ತರಿಸಿ ಹೊಲಿದು, ಪ್ಯಾಕೇಜ್ ಕಟ್ಟಿ ಪುಕ್ಕಟೆ ಹಂಚುವವರು ನೀವು. 'ಬೆರಳು' ಪ್ಯಾಕೇಜ್ ಕಟ್ಟುವವಳು ನೀನೇ ತಾನೆ. ಒಮ್ಮೆ ನೋಡಿ ಹೇಳು.

ನಿನ್ನ ಭಾವ ಚೆನ್ನಾಗಿದ್ದಾರೆ. ಗೊರಕೆಯೂ ಚೆನ್ನಾಗಿದೆ.

ದೊಡ್ಡವಳು

*

ಮಾರ್ಚ್ 8

ಅಕ್ಕ,

ಅತ್ತೆ ನಮಗಿಟ್ಟ ಹೆಸರಿನಲ್ಲೇ ಪತ್ರ ಬಂದದ್ದು ನೋಡಿ ನಿಮ್ಮ ಮೈದುನ, "ಸಣ್ಣವಳು ಅಂದ್ರೆ ಯಾವ ಕಡೆಯಿಂದ ಸಣ್ಣ" ಎಂದರು. ಒಗೆದ ಬಟ್ಟೆಯೆಲ್ಲ ಅವರೇ ಮಡಿಸಬೇಕಾಯಿತು.

ನೋಡಿದೆ. ನಿಮ್ಮ ಪ್ರೋಗ್ರಾಮು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಅದರ ಜೊತೆ ನೀವೇ ಬರೆದು ಕೊಟ್ಟಿರುವ ಪರೀಕ್ಷೆಗಳಿವೆಯಲ್ಲ, ಅವೆಲ್ಲವನ್ನೂ ಪ್ಯಾಕೇಜ್ ಕಟ್ಟುವಾಗಲೇ ಓಡಿಸುತ್ತೇವೆ. ನಿನ್ನೆ ಮತ್ತೆ ಓಡಿಸಿದೆ. ಎಲ್ಲವೂ ಪಾಸು. ಚುಕ್ಕಿಯಿರುವ ಅಂಕಿಗಳದ್ದೇ ಬೇರೆ ಪರೀಕ್ಷೆ ಇದೆ, ಅದೂ ಪಾಸು. ನಿಮ್ಮ ಮೂಲಕ್ಕೂ ನಮ್ಮ ಪ್ಯಾಕೇಜಿಗೂ ಸಣ್ಣಪುಟ್ಟ ವ್ಯತ್ಯಾಸಗಳಿವೆ, ಅದು ನಿಮಗೂ ಗೊತ್ತು. ಅವು ಯಾವುವೂ ಫಲಿತಾಂಶ ಬದಲಿಸುವಂಥವಲ್ಲ.

ಬೇಜಾರು ಮಾಡಿಕೊಳ್ಳಬೇಡಿ, ಇಂಥ ದೂರುಗಳು ನಮಗೆ ವಾರಕ್ಕೊಂದು ಬರುತ್ತವೆ. ಆ ಹುಡುಗಿ ಗಡಿಬಿಡಿಯಲ್ಲಿ ಬೆರಳು ಜಾರಿಸಿ ಓದಿರಬೇಕು. ಕಡಿಮೆ ಅಂಕ ಬಂದಾಗ ತಪ್ಪನ್ನು ಹಾಳೆಯ ಮೇಲೆ ಹಾಕುವುದು ನಾವೂ ಮಾಡಿದ್ದೇ. ಪಕ್ಕದವಳಿಗೆ ಸರಿಯಾಗಿ ಸಿಕ್ಕಿದ್ದು ಇವಳಿಗೆ ಮಾತ್ರ ತಪ್ಪಾಗಿ ಸಿಗಲು ಹೇಗೆ ಸಾಧ್ಯ ಹೇಳಿ.

ಚಿನ್ನುವಿನ ಪರೀಕ್ಷೆ ಹೇಗಾಯಿತು? ಹಾಸ್ಟೆಲಿನಿಂದ ಯಾವಾಗ ಬರುತ್ತಾಳೆ? ಈ ಸಲ ಚಿಕ್ಕಮ್ಮನ ಮನೆಗೂ ಬರಲೇಬೇಕು ಎಂದು ಹೇಳಿ.

ಸಣ್ಣವಳು

*

ಮಾರ್ಚ್ 9

ಸರಿ. ನೋಡಿದ್ದಕ್ಕೆ ಉಪಕಾರವಾಯಿತು.

ದೊಡ್ಡವಳು

*

ಮಾರ್ಚ್ 21

ಅಕ್ಕ,

ನನ್ನ ಹಿಂದಿನ ಪತ್ರಕ್ಕೆ ನೀವು ಒಂದೇ ಸಾಲು ಬರೆದಿರಿ, ಆಮೇಲೆ ಸುದ್ದಿಯೇ ಇಲ್ಲ. ಫೋನು ಮಾಡಿದರೆ ಭಾವನೇ ಎತ್ತಿಕೊಂಡು ಹವೆಯ ಬಗ್ಗೆ ಮಾತಾಡುತ್ತಾರೆ. ಭಾವ ಹವೆಯ ಬಗ್ಗೆ ಮಾತಾಡಿದರೆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಚಿನ್ನುವಿಗೆ ಮಾಡಿದರೆ ಓದ್ಕೋತಿದೀನಿ ಚಿಕ್ಕಮ್ಮ ಎಂದು ಇಟ್ಟುಬಿಟ್ಟಳು. ಪರೀಕ್ಷೆ ಮುಗಿದ ಮೇಲೆ ಏನು ಓದು?

ನನ್ನಿಂದ ಏನಾದರೂ ತಪ್ಪಾಗಿದ್ದರೆ ಬೈದುಬಿಡಿ. ಸುಮ್ಮನಿರಬೇಡಿ.

ಸಣ್ಣವಳು

*

ಮಾರ್ಚ್ 23

ಸಣ್ಣವಳಿಗೆ,

ನಿನ್ನಿಂದ ತಪ್ಪಾಗಿದೆ ಎಂದು ಹೇಗೆ ಹೇಳಲಿ. ಕೇಳಿದವಳು ನಾನು.

ಆ ವಿದ್ಯಾರ್ಥಿನಿ ಚಿನ್ನು. ಮೊದಲ ಪತ್ರದಲ್ಲಿ ಬೇಕೆಂದೇ ಬರೆಯಲಿಲ್ಲ. ನಮ್ಮ ಮಗು ಎಂದು ಗೊತ್ತಾದರೆ ನೀನು ಅವಳ ಕಡೆ ವಾಲಿಕೊಂಡು ನೋಡುತ್ತೀಯೆಂದು, ಯಾರದೋ ಮಗು ಎಂಬಂತೆ ನೋಡಲಿ ಎಂದು ಬಿಟ್ಟೆ. ನೀನು ಹಾಗೆಯೇ ನೋಡಿದೆ.

ನಿನ್ನ ಪತ್ರ ಬಂದ ದಿನ ಅವಳು ವಾರದ ರಜೆಗೆ ಮನೆಯಲ್ಲಿದ್ದಳು. ನಾನು ಪತ್ರವನ್ನು ಅವಳಿಗೆ ಓದಿದೆ. ಪೂರ್ತಿ. ಬೆರಳು ಜಾರಿದ ಮಾತು, ಹಾಳೆಯ ಮೇಲೆ ಹಾಕುವ ಮಾತು, ಎಲ್ಲ. ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಕೇಳಿದಳು. ನಾನು ಹೇಳಿದೆ, ನೋಡು, ನನ್ನಲ್ಲೂ ಸರಿಯಾಗಿದೆ, ಚಿಕ್ಕಮ್ಮನಲ್ಲೂ ಸರಿಯಾಗಿದೆ, ಇನ್ನು ಹಟ ಸಾಕು, ಮೇಷ್ಟ್ರ ಹತ್ತಿರ ತಪ್ಪಾಯಿತು ಎಂದು ಹೇಳಿ ಮತ್ತೊಂದು ಅವಕಾಶ ಕೇಳು. ಅವಳು, "ಆಯ್ತು, ಕೇಳ್ತೀನಿ" ಎಂದಳು. ಅಷ್ಟೇ. ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೇ ಹೊರಟುಹೋದಳು.

ಅವಳು ಮೇಷ್ಟ್ರ ಹತ್ತಿರ ತಪ್ಪಾಯಿತು ಎಂದು ಹೇಳಿಲ್ಲ. ಗಣಿತ ಬಿಡುತ್ತೇನೆ ಎಂದು ಬರೆದು ಕೊಟ್ಟಿದ್ದಾಳೆ. ನಿನ್ನೆ ಶಾಲೆಯಿಂದ ನನ್ನ ಸಹಿ ಕೇಳಿ ಕಳಿಸಿದ್ದಾರೆ. ಈ ಮಗು ಐದು ವರ್ಷದವಳಿದ್ದಾಗ ಮೆಟ್ಟಿಲು ಹತ್ತುತ್ತ ಇಳಿಯುತ್ತ ಕೂಡುವುದು ಕಳೆಯುವುದು ತಾನೇ ಕಲಿತವಳು.

ಭಾವ ನಿನಗೆ ಹವೆಯ ಬಗ್ಗೆ ಹೇಳಿದ್ದು ನಿಜ. ನನ್ನೊಂದಿಗೂ ಅದನ್ನೇ ಮಾತಾಡುತ್ತಿದ್ದಾರೆ.

ದೊಡ್ಡವಳು

*

ಮಾರ್ಚ್ 25

ಅಕ್ಕ,

ನಿಮ್ಮ ಪತ್ರ ಓದಿ ಕಚೇರಿಗೆ ರಜೆ ಹಾಕಿದೆ. ಆ ಪತ್ರವನ್ನು ಚಿನ್ನು ಕೇಳಿಸಿಕೊಂಡಳಲ್ಲ ಎಂಬುದೇ ತಲೆಯಲ್ಲಿ ತಿರುಗುತ್ತಿತ್ತು. ಆದರೆ ಅಳುತ್ತ ಕೂತರೆ ಅವಳಿಗೆ ಏನೂ ಸಿಗುವುದಿಲ್ಲ ಎಂದು, ಕೆಲಸ ಮಾಡಿದೆ. ಸಿಕ್ಕಿದೆ, ಅಕ್ಕ. ಅವಳು ಹೇಳಿದ್ದು ನಿಜ.

ಅಡಿಗೆರೆ ಹಾಕಿ ಹೇಳುತ್ತೇನೆ, ನಿಜ.

ನಿಧಾನವಾಗಿ ಹೇಳುತ್ತೇನೆ ಕೇಳಿ. ಯಾವ ಅಕ್ಷರಕ್ಕೆ ಯಾವ ಬ್ರೈಲ್ ಗುರುತು ಎಂಬ ಕೋಷ್ಟಕ ನಿಮ್ಮ ಪ್ರೋಗ್ರಾಮಿನ ಜೊತೆಗೇ ಇದೆ, ನೀವು ಕೈಯಾರೆ ಬರೆದದ್ದು. ಆದರೆ ಒಂದೇ ಸಾಮಾನು ಮನೆಯಲ್ಲಿ ಹತ್ತು ಕಡೆ ಇರಬಾರದು ಎನ್ನುವುದು ನಮ್ಮ ಸಂಘದ ನಿಯಮ. ಬ್ರೈಲ್ ಮುದ್ರಿಸುವ ಎಲ್ಲ ಪ್ರೋಗ್ರಾಮುಗಳಿಗೂ ಸೇರಿ ಒಂದೇ ಸಾಮಾನ್ಯ ಕೋಷ್ಟಕವಿದೆ. ಹಾಗಾಗಿ ಹೋದ ಆವೃತ್ತಿಯಲ್ಲಿ ನಿಮ್ಮ ಕೋಷ್ಟಕ ತೆಗೆದು, ಸಾಮಾನ್ಯವಾದದ್ದನ್ನು ನೋಡಿಕೊಳ್ಳುವಂತೆ ಬದಲಿಸಿದೆವು. ನಿಮಗೂ ತಿಳಿಸಿದ್ದೆ, ನೀವು ಆಗಲಿ ಎಂದಿದ್ದಿರಿ. ಆ ಸಾಮಾನ್ಯ ಕೋಷ್ಟಕ ಬರೆದವರು ಹೊರದೇಶದವರು, ಅವರ ಕಡೆ ಅಂಕಿಗಳ ನಡುವಿನ ಚುಕ್ಕಿ ಎಂದರೆ ಸಾವಿರ ಬಿಡಿಸಿ ತೋರಿಸುವ ಗುರುತು. ದೊಡ್ಡ ಸಂಖ್ಯೆ ಕಣ್ಣಿಗೆ ಸುಲಭವಾಗಲಿ ಎಂದು ಹಾಕುವುದು. ಬ್ರೈಲ್‌ನಲ್ಲಿ ಅದು ಬೇಡವೆಂದು ಅವರು ಬಿಟ್ಟುಬಿಡುತ್ತಾರೆ. ಅವರ ಮಟ್ಟಿಗೆ ಸರಿ. ನಮ್ಮಲ್ಲಿ 2.5 ಹೋಗಿ 25 ಆಗುತ್ತದೆ.

ಮತ್ತೆ ಪರೀಕ್ಷೆಗಳೆಲ್ಲ ಪಾಸಾಗಿದ್ದು ಹೇಗೆ? ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಪರೀಕ್ಷೆಗಳನ್ನು ನಾವು ಓಡಿಸುವುದು ಪ್ಯಾಕೇಜ್ ಕಟ್ಟುವ ಜಾಗದಲ್ಲಿ, ನಿಮ್ಮಿಂದ ತಂದ ಮೂಲ ಕಡತಗಳೆಲ್ಲ ಹರಡಿಕೊಂಡಿರುವಲ್ಲಿ. ಪ್ರೋಗ್ರಾಮು ಮೊದಲು ಪಕ್ಕದಲ್ಲೇ ಕೋಷ್ಟಕ ಇದೆಯೇ ಎಂದು ನೋಡುತ್ತದೆ. ಅಲ್ಲಿ ನಿಮ್ಮದೇ ಇರುತ್ತದೆ. ಅದನ್ನು ಓದಿ ಎಲ್ಲ ಸರಿ ಎನ್ನುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ಹಾಕಿಕೊಂಡಾಗ ಪಕ್ಕದಲ್ಲಿ ಏನೂ ಇರುವುದಿಲ್ಲ, ಆಗ ಸಾಮಾನ್ಯ ಕೋಷ್ಟಕಕ್ಕೆ ಹೋಗುತ್ತದೆ. ಅಂದರೆ ಇಷ್ಟು ದಿನ ನಾನು ಪಾತ್ರೆಯಲ್ಲಿದ್ದ ಸಾರಿನ ರುಚಿ ನೋಡಿ ಉಪ್ಪು ಸರಿ ಎನ್ನುತ್ತಿದ್ದೆ, ಎಲೆಗೆ ಬಡಿಸುತ್ತಿದ್ದದ್ದು ಬೇರೆ ಪಾತ್ರೆಯಿಂದ. ನಿಮಗೆ ಪಾಸು ಎಂದು ಬರೆದಾಗ ನಾನು ಪರೀಕ್ಷಿಸಿದ್ದು ನಿಮ್ಮ ಪ್ರೋಗ್ರಾಮನ್ನು. ಜನರ ಕೈಗೆ ಹೋಗುವುದನ್ನು ಒಮ್ಮೆಯೂ ಅಲ್ಲ.

ಇಂದು ಮನೆಯ ಹಳೆಯ ಲ್ಯಾಪ್‌ಟಾಪನ್ನು ಪೂರ್ತಿ ಒರೆಸಿ, ಏನೂ ಇಲ್ಲದ ಯಂತ್ರದಲ್ಲಿ ಯಾರೋ ಗುಮಾಸ್ತೆ ಹಾಕಿಕೊಂಡಂತೆ ಪ್ಯಾಕೇಜ್ ಹಾಕಿದೆ. ಮೊದಲ ಸಾಲಿಗೇ ಚುಕ್ಕಿ ಹೋಯಿತು.

ಈಗ ನೀವು ಶಾಲೆಗೆ ಹೋಗಬೇಕು. ಸಹಿ ಹಾಕಬೇಡಿ. ಅಲ್ಲಿನ ಕಂಪ್ಯೂಟರಿನಲ್ಲೇ 2.5 ಎಂದು ಒಂದು ಸಾಲು ಬರೆದು, ಅಲ್ಲಿನ ಬ್ರೈಲ್ ಪ್ರಿಂಟರಿನಲ್ಲೇ ಮುದ್ರಿಸಿ, ಪರದೆ ನೋಡದೆ ಹಾಳೆಯನ್ನು ಓದಿಸಿ. ಬ್ರೈಲ್ ಬಲ್ಲ ಯಾರಿಂದಲಾದರೂ ಸರಿ.

ನಾನು ಬೇರೆ ಏನು ಬರೆದರೂ ಈಗ ಚೆನ್ನಾಗಿರುವುದಿಲ್ಲ.

ಸಣ್ಣವಳು

*

ಮಾರ್ಚ್ 28

ಸಣ್ಣವಳಿಗೆ,

ಹೋಗಿ ಬಂದೆ.

ಶಾಲೆಯ ಕಚೇರಿ ಒಂದೇ ಕೋಣೆ. ಕಬ್ಬಿಣದ ಬೀರುಗಳ ನಡುವೆ ಕಂಪ್ಯೂಟರು, ಗಾಜಿನ ಮುಚ್ಚಳದ ಕೆಳಗೆ ಬ್ರೈಲ್ ಪ್ರಿಂಟರು. ಅದು ಶುರುವಾದರೆ ಯಾರ ಮಾತೂ ಕೇಳುವುದಿಲ್ಲ. ಗಣಿತದ ಮೇಷ್ಟ್ರು ಸಭ್ಯರು. ಮಗಳ ಮೇಲಿನ ಮಮತೆಗೆ ತಾಯಿ ಬಂದಿದ್ದಾಳೆ ಎಂಬಂತೆ ನನಗೆ ಕುರ್ಚಿ ಹಾಕಿಸಿದರು. ನಾನು ಪ್ರೋಗ್ರಾಮು ಬರೆದವಳು ಎಂದು ಹೇಳಿದಾಗ ಇನ್ನೊಂದು ಕುರ್ಚಿ ಹಾಕಿಸಿದರು. ಯಾರಿಗೆಂದು ನನಗೆ ತಿಳಿಯಲಿಲ್ಲ.

ಗುಮಾಸ್ತೆ ಈ ಪರೀಕ್ಷೆಗೆ ಮುಂಚಿನ ರಜೆಯಲ್ಲೇ ನಿಮ್ಮ ಹೊಸ ಆವೃತ್ತಿ ಹಾಕಿಕೊಂಡವಳು. ಅದಕ್ಕೇ ಹಿಂದಿನ ಪರೀಕ್ಷೆಗಳಲ್ಲಿ ತೊಂದರೆಯಾಗಿರಲಿಲ್ಲ. ನೀನು ಹೇಳಿದಂತೆ, ಕೋಣೆಯ ಎತ್ತರ 2.5 ಮೀಟರ್ ಎಂದು ಒಂದು ಸಾಲು ಮುದ್ರಿಸಿದೆವು. ಮೇಷ್ಟ್ರಿಗೆ ಬ್ರೈಲ್ ಕಣ್ಣಿನಿಂದ ಓದಲು ಬರುತ್ತದೆ, ಆದರೆ ಅವರು ಪ್ರಶ್ನೆಪತ್ರಿಕೆಯನ್ನು ಪರದೆಯ ಮೇಲೆ ಮಾತ್ರ ನೋಡಿದ್ದರು. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಚಿನ್ನುವನ್ನು ಕರೆಸಿದರು. ಏನೂ ಹೇಳದೆ ಕೈಗೆ ಕೊಟ್ಟರು.

ಅವಳು ಒಮ್ಮೆ ಬೆರಳಾಡಿಸಿ, "ಕೋಣೆಯ ಎತ್ತರ ಇಪ್ಪತ್ತೈದು ಮೀಟರ್" ಎಂದಳು. ಪರೀಕ್ಷೆಯ ಹಾಳೆಯೇ ಎಂದುಕೊಂಡಳೋ ಏನೋ, ದನಿಯಲ್ಲಿ ಯಾವ ಆಶ್ಚರ್ಯವೂ ಇರಲಿಲ್ಲ.

ಪಕ್ಕದ ಹುಡುಗಿಯನ್ನೂ ಕರೆಸಿದರು. ನಿನಗೆ ಹೇಗೆ ಸರಿಯಾಗಿ ಸಿಕ್ಕಿತು ಎಂದು ಕೇಳಿದರು. ಅವಳು ಹೆದರಿಕೊಂಡೇ, "ನಂದ್ರಲ್ಲೂ ಇಪ್ಪತ್ತೈದೇ ಇತ್ತು ಸರ್. ಮನುಷ್ಯರಿರೋ ಕೋಣೆ ಅಷ್ಟು ಎತ್ತರ ಇರಲ್ಲ ಅಂತ ನಾನೇ ಎರಡೂವರೆ ಮಾಡ್ಕೊಂಡೆ. ಮಿಕ್ಕಿದ್ದನ್ನೂ ಹಾಗೇ ಅಂದಾಜಲ್ಲಿ ಸರಿ ಮಾಡ್ಕೊಂಡೆ" ಎಂದಳು. ಇಷ್ಟು ದಿನ ಚಿನ್ನುವಿನ ವಿರುದ್ಧ ಇದ್ದ ಒಂದೇ ಸಾಕ್ಷಿ ಅವಳು. ಅವಳನ್ನು ಯಾರೂ ಕೇಳಿಯೇ ಇರಲಿಲ್ಲ.

ಮೇಷ್ಟ್ರು ಅಲ್ಲೇ ಚಿನ್ನುವಿನ ಉತ್ತರಪತ್ರಿಕೆ ತೆಗೆದು, ಚುಕ್ಕಿ ಬಿಟ್ಟುಹೋದ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಮಾಡತೊಡಗಿದರು. ಒಂದೊಂದು ಲೆಕ್ಕ ಮುಗಿದಾಗಲೂ ಅಂಚಿನಲ್ಲಿ ಸರಿ ಗುರುತು. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ ಅವಳಿಗೆ, "ನೀನು ಮಾಡಿದ್ದೆಲ್ಲ ಸರಿ ಇದೆಯಮ್ಮ. ನಾವು ಕೊಟ್ಟಿದ್ದೇ ತಪ್ಪು" ಎಂದರು. ಇನ್ನೂ ಮೂವರು ಮಕ್ಕಳ ಪತ್ರಿಕೆಗಳನ್ನು ಮತ್ತೆ ನೋಡುತ್ತೇವೆ ಎಂದರು. ಆ ಮಕ್ಕಳು ಕಡಿಮೆ ಅಂಕಕ್ಕೆ ಬೈಸಿಕೊಂಡು ಸುಮ್ಮನಾಗಿದ್ದವರು.

ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಅವಳ ಪಕ್ಕ ಕುಳಿತೆ. ನಂಬದೇ ಹೋದದ್ದು ನನ್ನ ತಪ್ಪು ಎಂದೆ. ಚಿಕ್ಕಮ್ಮನೇ ಕಂಡುಹಿಡಿದದ್ದು ಎಂದೆ. ಅವಳು ಸಿಟ್ಟು ಮಾಡಲಿಲ್ಲ. "ನೀನು ನನ್ನ ಕೇಳ್ಲೇ ಇಲ್ಲಮ್ಮ. ಕಂಪ್ಯೂಟರ್‌ನ ಕೇಳ್ದೆ. ಚಿಕ್ಕಮ್ಮನ್ನ ಕೇಳ್ದೆ. ಆಮೇಲೆ ಬಂದು ನಂಗೆ ಹೇಳ್ದೆ" ಎಂದಳು. ಊಟದ ಗಂಟೆ ಹೊಡೆಯಿತು, ಎದ್ದು ಹೋದಳು.

ಬಸ್ಸಿನಲ್ಲಿ ಬರುತ್ತ ಒಂದು ತೀರ್ಮಾನ ಮಾಡಿದೆ. ನಿಮ್ಮ ಸಂಘದ ಭಂಡಾರದಿಂದ 'ಬೆರಳು' ತೆಗೆದುಬಿಡಿ. ಬೇಕಾದವರು ನನ್ನಿಂದಲೇ ನೇರವಾಗಿ ತೆಗೆದುಕೊಳ್ಳಲಿ. ನಾನು ಬರೆಯದ ಕೋಷ್ಟಕಕ್ಕೆ ನನ್ನ ಪ್ರೋಗ್ರಾಮಿನ ಹೆಸರು ಬೇಡ.

ದೊಡ್ಡವಳು

*

ಏಪ್ರಿಲ್ 2

ಅಕ್ಕ,

ನಾಲ್ಕು ದಿನ ಯೋಚಿಸಿ ಬರೆಯುತ್ತಿದ್ದೇನೆ. ನೀವು ತೆಗೆ ಎಂದರೆ ತೆಗೆಯುತ್ತೇನೆ, ಅದು ನಿಮ್ಮ ಹಕ್ಕು. ಆದರೆ ತೆಗೆದರೆ ಏನಾಗುತ್ತದೆ ಎಂದು ಹೇಳುವುದು ನನ್ನ ಕೆಲಸ.

ಭಂಡಾರದಿಂದ ತೆಗೆದ ಮಾತ್ರಕ್ಕೆ ಜನರ ಕಂಪ್ಯೂಟರಿನಿಂದ ಅದು ಹೋಗುವುದಿಲ್ಲ. ಹಾಕಿಕೊಂಡವರ ಹತ್ತಿರ ಚುಕ್ಕಿ ನುಂಗುವ 'ಬೆರಳು' ಹಾಗೇ ಉಳಿಯುತ್ತದೆ, ತಿದ್ದಿದ್ದನ್ನು ಕಳಿಸಲು ನಮಗೆ ದಾರಿ ಇರುವುದಿಲ್ಲ. ನಿಮ್ಮಿಂದ ನೇರವಾಗಿ ತೆಗೆದುಕೊಂಡು ಜೋಡಿಸಿಕೊಳ್ಳುವ ಶಕ್ತಿ ಎಷ್ಟು ಶಾಲೆಯ ಗುಮಾಸ್ತೆಯರಿಗಿದೆ? ಆ ಶಾಲೆಯವಳು ನಮ್ಮಿಂದ ತೆಗೆದುಕೊಂಡದ್ದು ಒಂದು ಗುಂಡಿ ಒತ್ತಿದರೆ ಸಾಕು ಎಂದೇ.

ಹಾಗಾಗಿ ನಿಮ್ಮನ್ನು ಕೇಳದೆ ಇಷ್ಟು ಮಾಡಿದ್ದೇನೆ. ನಿಮ್ಮ ಕೋಷ್ಟಕವನ್ನೇ ವಾಪಸು ಪ್ಯಾಕೇಜಿನೊಳಗೆ ಇಟ್ಟು, ತಿದ್ದಿದ ಆವೃತ್ತಿ ಹೊರಗೆ ಬಿಟ್ಟಿದ್ದೇನೆ. ಸಂಘದಲ್ಲಿ ಕೆಲವರು, ಸದ್ದಿಲ್ಲದೆ ಬದಲಿಸೋಣ, ಸಣ್ಣ ತಿದ್ದುಪಡಿ ಎಂದು ಬರೆದರೆ ಸಾಕು ಎಂದರು. ನಾನು ಒಪ್ಪಲಿಲ್ಲ. ಎಲ್ಲರಿಗೂ ಹೋದ ಪ್ರಕಟಣೆಯಲ್ಲಿ ನೇರವಾಗಿ ಬರೆದಿದ್ದೇನೆ: ಹಿಂದಿನ ಆವೃತ್ತಿಯಿಂದ ಮುದ್ರಿಸಿದ ಅಂಕಿಗಳನ್ನು ನಂಬಬೇಡಿ, ಪರೀಕ್ಷೆ ನಡೆಸಿದ್ದರೆ ಮತ್ತೆ ನೋಡಿ. ಒಂದು ಬ್ರೈಲ್ ಮುದ್ರಣಾಲಯದವರು ಬರೆದರು, ಔಷಧಿಯ ಪ್ರಮಾಣ ತಿಳಿಸುವ ಪುಸ್ತಿಕೆ ಮುದ್ರಣಕ್ಕೆ ಹೋಗುವುದರಲ್ಲಿತ್ತಂತೆ. ನಿಲ್ಲಿಸಿದ್ದಾರೆ.

ಇನ್ನು ಪರೀಕ್ಷೆ. ಇನ್ನು ಮುಂದೆ ಕಟ್ಟುವ ಜಾಗದಲ್ಲಿ ಮಾತ್ರವಲ್ಲ, ಖಾಲಿ ಯಂತ್ರದಲ್ಲಿ ಪ್ಯಾಕೇಜ್ ಹಾಕಿ, ಮೂಲ ಕಡತಗಳ ನೆರಳೂ ಬೀಳದ ಕಡೆ ಓಡಿಸಬೇಕು. ಅದನ್ನು ಬರೆದಿದ್ದೇನೆ. ಹಳೆಯ ಪ್ಯಾಕೇಜಿನ ಮೇಲೆ ಓಡಿಸಿದರೆ ಫೇಲ್ ಎನ್ನುತ್ತದೆ. ಅಕ್ಕ, ಒಂದು ಪರೀಕ್ಷೆ ಫೇಲ್ ಆದದ್ದನ್ನು ನೋಡಿ ಇಷ್ಟು ಸಮಾಧಾನ ಎಂದೂ ಆಗಿರಲಿಲ್ಲ.

ಆದರೆ ಯಂತ್ರ ಯಂತ್ರವನ್ನು ಪರೀಕ್ಷಿಸಿದರೆ ಇಷ್ಟೇ. ನಿಮ್ಮ ಮೂಲದ್ದೊಂದು, ನಮ್ಮದೊಂದು ಎರಡನ್ನೂ ಮುದ್ರಿಸಿ, ಅಕ್ಕಪಕ್ಕ ಇಟ್ಟು ಬೆರಳಿನಿಂದ ಓದುವವರು ಬೇಕು. ಚಿನ್ನುವನ್ನು ಕೇಳಲು ನನಗೆ ಬಾಯಿಲ್ಲ. ನಾನು ಅವಳಿಗೆ ಬೇರೆಯಾಗಿ ಬರೆದಿದ್ದೇನೆ, ಕ್ಷಮಿಸು ಎಂದು ಮಾತ್ರ. ಕೆಲಸದ ವಿಷಯ ಅದರಲ್ಲಿಲ್ಲ.

ನೀವು ತೆಗೆ ಎಂದರೆ ಈಗಲೂ ತೆಗೆಯುತ್ತೇನೆ.

ಸಣ್ಣವಳು

*

ಏಪ್ರಿಲ್ 4

ಇರಲಿ. ತೆಗೆಯಬೇಡ.

ಔಷಧಿಯ ಪುಸ್ತಿಕೆಯ ಮಾತನ್ನು ಮೂರು ಸಲ ಓದಿದೆ.

ದೊಡ್ಡವಳು

*

ಮೇ 11

ಪ್ರೀತಿಯ ಸಣ್ಣವಳಿಗೆ,

ಚಿನ್ನು ರಜೆಗೆ ಬಂದಿದ್ದಾಳೆ. ಗಣಿತ ಉಳಿದಿದೆ. ಗಣಿತ ಬಿಡುತ್ತೇನೆ ಎಂದು ತಾನೇ ಬರೆದು ಕೊಟ್ಟ ಕಾಗದವನ್ನು ಮೇಷ್ಟ್ರಿಂದ ವಾಪಸು ಕೇಳಿ ಪಡೆದು ಹರಿದುಹಾಕಿದಳಂತೆ. ನಿನ್ನ ಪತ್ರಕ್ಕೆ ಉತ್ತರ ಬರೆದಿಲ್ಲ ಎಂದು ನೀನು ಕೊರಗುತ್ತಿರುವುದು ನಿನ್ನ ಗಂಡ ಅವನ ಅಣ್ಣನಿಗೆ ಹೇಳಿ ನನ್ನ ಕಿವಿಗೆ ಬಿದ್ದಿದೆ. ಅವಳು ಪತ್ರ ಬರೆಯುವವಳಲ್ಲ. ಬಂದ ಎರಡನೆಯ ದಿನ, "ಚಿಕ್ಕಮ್ಮಂದೂ ನಿಂದೂ ಎರಡೂ ಪ್ರಿಂಟ್ ಹಾಕು, ನೋಡೋಣ" ಎಂದಳು. ನಾನು ಕೇಳಿರಲಿಲ್ಲ. ನೀನೂ ಕೇಳಿಲ್ಲ ಎಂದು ನನಗೆ ಗೊತ್ತು. ಇದನ್ನೇ ಉತ್ತರ ಎಂದುಕೋ.

ಹಿಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಕೂತಿದ್ದಾಳೆ. ಎಡಗೈಗೆ ನನ್ನ ಹಾಳೆ, ಬಲಗೈಗೆ ನಿನ್ನದು. ಎರಡೂ ಕೈ ಒಟ್ಟಿಗೆ ಓಡುತ್ತವೆ, ಎಲ್ಲಾದರೂ ಒಂದು ಕೈ ನಿಂತರೆ ಕರೆಯುತ್ತಾಳೆ. ಅಂಕಿಗಳು, ಚುಕ್ಕಿಗಳು, ಅಳತೆಗಳೆಲ್ಲ ಮುಗಿದವು. ಎಲ್ಲ ಒಂದೇ. ನಿನ್ನ ತಿದ್ದಿದ ಆವೃತ್ತಿ ಸರಿಯಾಗಿದೆ ಎಂದು ಅವಳ ಹೆಸರಿನಲ್ಲೇ ಬರೆದುಕೋ.

ನಿನ್ನೆ ಅವಳು ನಿಮ್ಮ ಸಾಮಾನ್ಯ ಕೋಷ್ಟಕದಿಂದ ಮುದ್ರಿಸಿದ್ದನ್ನೂ ಕೇಳಿದಳು. ಚುಕ್ಕಿ ನುಂಗಿದ್ದು ಬಿಟ್ಟರೆ ಅದರಲ್ಲಿ ಬೇರೆ ಏನೇನಿದೆ ನೋಡಬೇಕು ಎಂದು. ಒಂದು ಕಥೆಯ ಪುಟವನ್ನು ಅದರಿಂದಲೂ ನನ್ನದರಿಂದಲೂ ಹಾಕಿಕೊಟ್ಟೆ, ಅವಳು ಚಿಕ್ಕವಳಿದ್ದಾಗ ನಾನು ಮುದ್ರಿಸಿ ಕೊಡುತ್ತಿದ್ದಂಥದ್ದು. ಮೊದಲ ಸಾಲಿನಲ್ಲೇ ಎಡಗೈ ನಿಂತಿತು. ಸಾಮಾನ್ಯ ಕೋಷ್ಟಕದಲ್ಲಿ ಮಾತು ಶುರುವಾಗುವ ಉದ್ಧರಣ ಚಿಹ್ನೆ ಬೇರೆ, ಮುಗಿಯುವುದು ಬೇರೆ. ಬ್ರೈಲ್‌ನಲ್ಲಿ ಇರಬೇಕಾದದ್ದೇ ಹಾಗೆ. ನನ್ನದರಲ್ಲಿ ಎರಡಕ್ಕೂ ಒಂದೇ ಗುರುತು. ನಾನು ಮೊದಲ ದಿನ ಬರೆದಾಗಿನಿಂದ ಹಾಗೇ ಇದೆ, ನನ್ನ ಪರೀಕ್ಷೆಗಳಲ್ಲೂ ಅದನ್ನೇ ಸರಿ ಎಂದು ಬರೆದಿಟ್ಟಿದ್ದೇನೆ.

ಇದು ನಿನಗೆ ಮೊದಲೇ ಗೊತ್ತಿತ್ತೇ ಎಂದು ಅವಳನ್ನು ಕೇಳಿದೆ. ಶಾಲೆಗೆ ಸೇರಿದ ವರ್ಷವೇ ಗೊತ್ತಾಯಿತಂತೆ, ಅಲ್ಲಿನ ಪುಸ್ತಕಗಳಲ್ಲಿ ಬೇರೆ ಥರ ಇತ್ತಂತೆ. ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ.

"ತಪ್ಪು ಅಂತ ಅನ್ನಿಸ್ಲಿಲ್ಲಮ್ಮ" ಎಂದಳು. "ಅದು ನಿನ್ನ ಕೈಬರಹ ಅಂದ್ಕೊಂಡಿದ್ದೆ."

ನಾನು ಎದ್ದು ಒಳಗೆ ಹೋಗಿ, ಮಾಡುವುದೇನೂ ಇಲ್ಲದೆ, ತೊಳೆದಿಟ್ಟ ಪಾತ್ರೆಗಳನ್ನು ಇನ್ನೊಮ್ಮೆ ತೊಳೆದು ಬಂದೆ.

ತಿದ್ದಿದ ಕೋಷ್ಟಕವನ್ನು ಇದರ ಜೊತೆಗೇ ಕಳಿಸಿದ್ದೇನೆ, ನಿಮ್ಮ ಪ್ಯಾಕೇಜಿಗೆ ಸೇರಿಸಿಕೋ. ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಹಳೆಯದನ್ನು ಹಾಗೇ ಬಿಡು ಎಂದಿದ್ದಾಳೆ. ಬಿಟ್ಟಿದ್ದೇನೆ.

ದೊಡ್ಡವಳು